ಮರಳುಗಾಡಿನ ಮನೆಯ ಮೇಲಿನ ಕೋಣೆ

ನಾನು ಬಹರೇನಿಗೆ ಬಂದದ್ದು ನರ್ಸ್ ಕೆಲಸಕ್ಕೆ. ಫೋಟೊ ತೆಗೆಯುವ ಹುಚ್ಚು ಹತ್ತಿದ್ದು ಎಷ್ಟೋ ವರ್ಷಗಳ ನಂತರ, ಮಗಳು ಕಾಲೇಜಿಗೆಂದು ಮಂಗಳೂರಿಗೆ ಹೋದ ಮೇಲೆ. ಜಿಂಜ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ರಜೆಯ ದಿನ ಗೋಡೆ ನೋಡಿಕೊಂಡು ಕೂರುವ ಹಾಗಾಗಿತ್ತು. ನನ್ನ ಗಂಡ, ತಮ್ಮ ಆಫೀಸಿನವರೊಬ್ಬರು ಊರಿಗೆ ಮರಳುವಾಗ ಬಿಟ್ಟುಹೋದ ಕ್ಯಾಮೆರಾವನ್ನು ತಂದು ಮೇಜಿನ ಮೇಲಿಟ್ಟು, "ಸುಮ್ಮನೆ ಕೂತು ಮಂಡೆಬಿಸಿ ಮಾಡುವ ಬದಲು ಇದನ್ನಾದರೂ ಹಿಡ್ಕೊ ಮಾರಾಯ್ತಿ" ಅಂದರು. ಹಿಡಿದೆ. ಮೀನಿನ ಮಾರುಕಟ್ಟೆ, ಹಳೆಯ ಬಾಗಿಲುಗಳು, ಅದ್ಲಿಯಾದ ಗಲ್ಲಿಗಳ ಗೋಡೆಚಿತ್ರ, ಶುಕ್ರವಾರ ಇಗರ್ಜಿಯ ಮುಂದೆ ಸೇರುವ ನಮ್ಮೂರಿನ ಜನ, ಹೀಗೆ ಕಂಡದ್ದನ್ನೆಲ್ಲ ತೆಗೆದೆ. ಕೆಲವನ್ನು ನಮ್ಮ ಡಯಾಲಿಸಿಸ್ ವಾರ್ಡಿನ ಗೋಡೆಗೆ ಅಂಟಿಸಿದ್ದೆ. ಅಲ್ಲಿ ಗಂಟೆಗಟ್ಟಲೆ ಮಲಗಿರುವವರಿಗೆ ಕಣ್ಣಿಡಲು ಏನಾದರೂ ಬೇಕಲ್ಲ.

ಆ ವಾರ್ಡಿಗೆ ವಾರಕ್ಕೆ ಮೂರು ದಿನ ಬರುತ್ತಿದ್ದ ಬಹರೇನಿ ಅಜ್ಜಿಯೊಬ್ಬರಿದ್ದರು. ಎಂಬತ್ತು ದಾಟಿದವರು. ನಾವೆಲ್ಲ ಅವರನ್ನು ಮಾಮಾ ಎಂದು ಕರೆಯುತ್ತಿದ್ದೆವು. ಇಲ್ಲಿನ ಆಸ್ಪತ್ರೆಗಳಲ್ಲಿ ವಯಸ್ಸಾದ ಹೆಂಗಸರನ್ನು ಅಮ್ಮ ಎಂಬ ಅರ್ಥದಲ್ಲಿ ಕರೆಯುವುದೇ ಹಾಗೆ. ಅವರ ಕೈಗೆ ಸೂಜಿ ಹಾಕುವುದು ಸುಲಭವಿರಲಿಲ್ಲ. ನಾನು ಹಾಕಿದರೆ ನೋಯುವುದಿಲ್ಲ ಎಂದು ಅವರಿಗೊಂದು ನಂಬಿಕೆ. ನಾನು ರಜೆ ಹಾಕಿದರೆ ಮುಖ ಊದಿಸಿಕೊಂಡು ಮಲಗುತ್ತಿದ್ದರಂತೆ. ನನ್ನ ಜೊತೆ ಅವರು ಹಿಂದಿಯಲ್ಲೇ ಮಾತಾಡುತ್ತಿದ್ದರು, ನನ್ನದಕ್ಕಿಂತ ಚೆನ್ನಾದ ಹಿಂದಿಯಲ್ಲಿ. ಇಲ್ಲಿನ ಹಳೆಯ ತಲೆಮಾರಿನ ಎಷ್ಟೋ ಜನಕ್ಕೆ ಹಿಂದಿ ಬರುವುದರಿಂದ ನನಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ.

ಒಂದು ದಿನ ಅವರ ಮಗ, ಅರವತ್ತರ ಆಸುಪಾಸಿನ ಗಂಭೀರ ಮನುಷ್ಯ, ಗೋಡೆಯ ಫೋಟೊಗಳನ್ನು ನೋಡುತ್ತ ನಿಂತಿದ್ದರು. ಆಮೇಲೆ ನನ್ನ ಬಳಿ ಬಂದು ಇಂಗ್ಲಿಷಿನಲ್ಲಿ, "ದಕ್ಷಿಣದ ಮರಳುಗಾಡಿನಲ್ಲಿ ನಮ್ಮದೊಂದು ಹಳೆಯ ಮನೆಯಿದೆ. ಅದನ್ನು ರಿಪೇರಿ ಮಾಡಿಸಿ ಅತಿಥಿಗೃಹ ಮಾಡಬೇಕೆಂದಿದ್ದೇನೆ. ಅದಕ್ಕೆ ಮೊದಲು ಫೋಟೊ ತೆಗೆಸಬೇಕು. ನೀವು ತೆಗೆಯುತ್ತೀರಾ?" ಎಂದರು.

"ನಾನು ಇದನ್ನು ಕಲಿತವಳಲ್ಲ ಸರ್. ಒಳ್ಳೊಳ್ಳೆಯ ಸ್ಟುಡಿಯೋದವರಿದ್ದಾರೆ."

"ಅದನ್ನೇ ನಾನೂ ಹೇಳಿದೆ," ಎಂದು ಅವರು ತಾಯಿಯ ಕಡೆ ನೋಡಿದರು. "ಇವರು ಕೇಳುವುದಿಲ್ಲ. ನನ್ನ ಸಿಸ್ಟರೇ ತೆಗೆಯಬೇಕು ಅನ್ನುತ್ತಾರೆ."

ಮಾಮಾ ಕಣ್ಣು ಮುಚ್ಚಿಕೊಂಡೇ ಹಿಂದಿಯಲ್ಲಿ ಹೇಳಿದರು: "ಸ್ಟುಡಿಯೋದವರು ತೆಗೆದರೆ ಇವನಿಗೆ ತೋರಿಸುತ್ತಾರೆ. ನೀನು ತೆಗೆದರೆ ನನಗೆ ತೋರಿಸುತ್ತಿ."

ಹಾಗೆ ಒಂದು ಶುಕ್ರವಾರ, ಚಳಿಗಾಲದ ಬೆಳಿಗ್ಗೆ, ನಾನೂ ನನ್ನ ಗಂಡನೂ ಆ ಮಗನ ಕಾರಿನ ಹಿಂದೆ ನಮ್ಮ ಕಾರು ಓಡಿಸಿಕೊಂಡು ಹೋದೆವು. ಡಾಂಬರು ರಸ್ತೆ ಮುಗಿದು, ಎಣ್ಣೆಯ ಪೈಪುಗಳ ಪಕ್ಕದಲ್ಲಿ ಸಾಗಿ, ಚಳಿಗಾಲದಲ್ಲಿ ಇಲ್ಲಿನವರು ಹೂಡುವ ಡೇರೆಗಳನ್ನು ದಾಟಿದ ಮೇಲೆ ಆ ಮನೆ ಕಾಣಿಸಿತು. ಮಣ್ಣಿನದೇ ಬಣ್ಣದ ದೊಡ್ಡ ಚೌಕ ಕಟ್ಟಡ. ಒಂದು ಮೂಲೆಯಲ್ಲಿ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುವ ಗೋಪುರ. "ನಾವು ಕನ್ನಡದಲ್ಲಿ ಗಾಳಿಗೋಪುರ ಅಂತ ಬರೀ ಬಾಯಲ್ಲಿ ಕಟ್ಟುವುದು. ಇವರು ಕಲ್ಲಲ್ಲೇ ಕಟ್ಟಿಬಿಟ್ಟಿದ್ದಾರಲ್ಲ," ಎಂದರು ನನ್ನ ಗಂಡ.

ಮಗ ನಮ್ಮನ್ನು ಕೋಣೆಯಿಂದ ಕೋಣೆಗೆ ಕರೆದೊಯ್ದು ಕಥೆ ಹೇಳಿದರು. ಮನೆ ಕಟ್ಟಿಸಿದ್ದು ಮುತ್ತಿನ ವ್ಯಾಪಾರಿಯಾಗಿದ್ದ ಅವರ ಮುತ್ತಜ್ಜ, ಅಂದರೆ ಮಾಮಾನ ಅಜ್ಜ. ಪ್ರತಿವರ್ಷ ಮುಂಬೈಗೆ ಹೋಗಿ ಮುತ್ತು ಮಾರಿ ಬರುವಾಗ ತೇಗದ ಬಾಗಿಲು, ಬಣ್ಣದ ಗಾಜು ತರುತ್ತಿದ್ದರಂತೆ. ಗೋಡೆಗೆ ಸಮುದ್ರದ ಹವಳಗಲ್ಲು, ಮಾಡಿಗೆ ಆಫ್ರಿಕಾದಿಂದ ಹಡಗಿನಲ್ಲಿ ಬಂದ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಮರದ ಗಳುಗಳು. ಚಳಿಗಾಲದಲ್ಲಿ ಇಡೀ ಸಂಸಾರ ಇಲ್ಲಿ ಬಿಡಾರ ಹೂಡುತ್ತಿತ್ತು. ಗಿಡುಗಗಳನ್ನು ಹಾರಿಸಿ ಬೇಟೆ, ದೊಡ್ಡ ದೊಡ್ಡ ಅತಿಥಿಗಳು, ಹಜಾರದ ತುಂಬ ರತ್ನಗಂಬಳಿ. ಜಪಾನಿನವರು ಮುತ್ತನ್ನು ಬೆಳೆಸಲು ಕಲಿತ ಮೇಲೆ ವ್ಯಾಪಾರ ಬಿದ್ದುಹೋಯಿತು. ಮುತ್ತಜ್ಜ ಊರಿಗೆ ಮುಖ ತೋರಿಸಲಾರದೆ ಕೊನೆಯ ದಿನಗಳನ್ನು ಇಲ್ಲೇ ಕಳೆದರು. ನಂತರ ಎಣ್ಣೆ ಕಂಪನಿಯ ಬಿಳಿಯನೊಬ್ಬ ಬಾಡಿಗೆಗಿದ್ದನಂತೆ. ಅವನ ಹೆಂಡತಿ ಒಂದು ಕೋಣೆಗೆ ಗುಲಾಬಿ ಬಣ್ಣ ಬಳಿಸಿ, ಪಿಯಾನೊ ತರಿಸಿ, ಸಂಜೆ ಬಾಗಿಲು ತೆರೆದಿಟ್ಟು ನುಡಿಸುತ್ತಿದ್ದಳಂತೆ. ಒಂಟೆಗಳು ನಿಂತು ಕೇಳುತ್ತಿದ್ದವು ಎನ್ನುವುದು ಆ ಮನೆತನದವರು ತಲೆಮಾರಿನಿಂದ ಹೇಳಿಕೊಂಡು ಬಂದ ಮಾತು.

"ಅವರು ಹೋದ ಮೇಲೆ?" ಎಂದು ಕೇಳಿದೆ.

"ಆಮೇಲೆ ಏನಿಲ್ಲ. ಖಾಲಿ ಬಿದ್ದಿತ್ತು," ಎಂದರು.

ಕೆಳಗಿನ ಹಜಾರದಲ್ಲಿ ಬೆಳಕು ಚೆನ್ನಾಗಿತ್ತು. ಬಾಗಿಲ ಮೇಲಿನ ಅರ್ಧಚಂದ್ರದ ಗಾಜಿನಿಂದ ಕೆಂಪು, ಹಸಿರು, ನೀಲಿ ಬೆಳಕು ನೆಲದ ದೂಳಿನ ಮೇಲೆ ಬಿದ್ದಿತ್ತು. ಅದು ಸರಿಯುತ್ತ ಹೋದ ಹಾಗೆ ನಾನೂ ಸರಿಯುತ್ತ ಒಂದರ ಹಿಂದೊಂದು ತೆಗೆದೆ. "ಬಿರುಕು ಬೇಡ, ಕಲೆ ಬೇಡ. ನೋಡುವವರಿಗೆ ಬರಬೇಕು ಅನ್ನಿಸಬೇಕು," ಎಂದು ಮಗ ಹೇಳಿ ಫೋನಿನಲ್ಲಿ ಮಾತಾಡಲು ಹೊರಗೆ ಹೋದರು. ನಾನು ಒಬ್ಬಳೇ ಮಹಡಿ ಹತ್ತಿದೆ. ಮೇಲೆ ಒಂದು ಸಣ್ಣ ಕೋಣೆ. ಪಾರಿವಾಳಗಳು ಗೂಡು ಕಟ್ಟಿ ಹಿಕ್ಕೆ ಹಾಕಿದ್ದವು. ಮಾಡಿನ ಗಳುಗಳೆಲ್ಲ ಮಸಿ ಹಿಡಿದು ಕಪ್ಪಾಗಿದ್ದವು. ಅಂಗಳದ ಕಡೆಯ ಗೋಡೆಯಲ್ಲಿ ಎದೆಯೆತ್ತರಕ್ಕೆ ಒಂದು ಚೌಕ ಕಿಂಡಿ. ಕಿಟಕಿ ಎನ್ನಲು ಸಾಲದು, ಗಾಳಿಕಂಡಿ ಎನ್ನಲು ಹೆಚ್ಚು. ಅಡುಗೆಕೋಣೆ ಇದ್ದಿರಬೇಕು ಅಂದುಕೊಂಡೆ. ಕಲೆ ಬೇಡ ಅಂದಿದ್ದರೂ ಆ ಕಪ್ಪು ಮಾಡು ನನಗೆ ಹಿಡಿಸಿತು. ತೆಗೆದೆ.

ಮುಂದಿನ ಡಯಾಲಿಸಿಸ್ ದಿನ ಮಶೀನು ಶುರುವಾಗಿ ಎಲ್ಲ ಸರಿಯಿದೆ ಎಂದಾದ ಮೇಲೆ ಟ್ಯಾಬ್ ತಂದು ಮಾಮಾನ ಹೊಟ್ಟೆಯ ಮೇಲೆ ದಿಂಬಿಟ್ಟು ಅದರ ಮೇಲಿಟ್ಟೆ. ಅವರು ಒಂದೇ ಕೈಯಿಂದ ಫೋಟೊಗಳನ್ನು ಸರಿಸಿದರು. ನಾನು ಬೆಳಿಗ್ಗೆಯಿಡೀ ಕಷ್ಟಪಟ್ಟು ತೆಗೆದ ಬಣ್ಣದ ಗಾಜುಗಳೆಲ್ಲ ಗಾಡಿಯ ಕಿಟಕಿಯಾಚೆ ಊರುಗಳು ಹೋದಂತೆ ಹೋದವು. ತೇಗದ ಬಾಗಿಲಿಗೂ ಗುಲಾಬಿ ಕೋಣೆಗೂ ನಿಲ್ಲಲಿಲ್ಲ. ಮಸಿ ಹಿಡಿದ ಮಾಡು ಬಂದಾಗ ಬೆರಳು ನಿಂತಿತು.

ಬಹಳ ಹೊತ್ತು ನೋಡಿದರು. ಆಮೇಲೆ, "ಇದನ್ನು ಸುಟ್ಟದ್ದು ನಾನು," ಎಂದರು.

ನನಗೆ ಅರ್ಥವಾಗಲಿಲ್ಲ. "ಅಡುಗೆ ಮಾಡುವಾಗಲಾ ಮಾಮಾ?"

"ಅಡುಗೆ ಅಲ್ಲ ಮಗಳೇ. ಸಿನಿಮಾ."

ಅಂದು ಅರ್ಧ, ಮುಂದಿನ ಸಲ ಅರ್ಧ, ಹೀಗೆ ಅವರು ಹೇಳಿದ್ದನ್ನು ಕೂಡಿಸಿ ಬರೆಯುತ್ತಿದ್ದೇನೆ.

ಎಣ್ಣೆ ಕಂಪನಿಯ ಬಿಳಿಯ ಸ್ವದೇಶಕ್ಕೆ ಹೋಗುವಾಗ ಪಿಯಾನೊ ಒಯ್ದ, ಸಿನಿಮಾ ತೋರಿಸುವ ಮಶೀನನ್ನು ಬಿಟ್ಟುಹೋದ. ಮಾಮಾನ ತಂದೆಗೆ ಹಠಾತ್ತನೆ ಒಂದು ಉಪಾಯ ಹೊಳೆಯಿತು. ಹತ್ತಿರದಲ್ಲೇ ಎಣ್ಣೆ ಬಾವಿಗಳ ಕೂಲಿಕಾರರ ಬಿಡಾರ. ಅದರ ತುಂಬ ಹಿಂದೂಸ್ಥಾನದವರು. ಪೇಟೆ ದೂರ. ಅಂಗಳದ ಎದುರು ಗೋಡೆಗೆ ಸುಣ್ಣ ಬಳಿಸಿ, ಹಿತ್ತಿಲಲ್ಲಿ ಜನರೇಟರ್ ಇಟ್ಟು, ಮುಂಬೈಯಿಂದ ಹಡಗಿನಲ್ಲಿ ರೀಲು ತರಿಸಿ, ಶುಕ್ರವಾರ ಸಂಜೆ ಹಿಂದಿ ಸಿನಿಮಾ ತೋರಿಸಲು ಶುರುಮಾಡಿದರು. ಮೇಲಿನ ಆ ಸಣ್ಣ ಕೋಣೆಯಲ್ಲಿ ಮಶೀನು ನಡೆಸಲು ಮುಂಬೈಯವನೇ ಒಬ್ಬ ಆಪರೇಟರ್. ಗಂಡಸರು ಲಾರಿ ಹತ್ತಿ ಬಂದು ಅಂಗಳದ ಚಾಪೆಯ ಮೇಲೆ ಕೂರುತ್ತಿದ್ದರು. ಮನೆಯ ಹೆಂಗಸರು ಮಹಡಿಯ ಜಾಲಂದ್ರದ ಹಿಂದೆ ಕತ್ತಲಲ್ಲಿ.

"ನಾನು ಸಿನಿಮಾ ನೋಡುತ್ತಿರಲಿಲ್ಲ," ಎಂದರು ಮಾಮಾ. "ಬಾಗಿಲ ಸಂದಿಯಿಂದ ಅವನ ಕೈ ನೋಡುತ್ತಿದ್ದೆ. ಫಿಲ್ಮನ್ನು ಎಲ್ಲಿ ಸುತ್ತುತ್ತಾನೆ, ಯಾವ ಹಲ್ಲಿಗೆ ಸಿಕ್ಕಿಸುತ್ತಾನೆ, ತುಂಡಾದರೆ ಹೇಗೆ ಅಂಟಿಸುತ್ತಾನೆ."

ಆ ಆಪರೇಟರ್ ತಾಯಿಗೆ ಹುಷಾರಿಲ್ಲವೆಂದು ಊರಿಗೆ ಹೋದವನು ಮರಳಿ ಬರಲಿಲ್ಲ. ಹಡಗು ಬಂತು, ರೀಲು ಬಂತು, ಅವನಿಲ್ಲ. ಅಂದು ಲಾರಿಗಳು ಆಗಲೇ ಬಂದು ನಿಂತಿದ್ದವು. ಗಂಡಸರು ಚಪ್ಪಾಳೆ ತಟ್ಟಿ ಕರೆಯುತ್ತಿದ್ದರು. ತಂದೆ ಮೇಲೆ ಬಂದು ತಲೆಯ ಮೇಲೆ ಕೈಹೊತ್ತು ಮಶೀನಿನ ಪಕ್ಕ ಕೂತರು. ಮಾಮಾ ಆಗ ಇನ್ನೂ ಎಳೆಯ ಹುಡುಗಿ, ಮದುವೆಯ ಮಾತು ಆಗಷ್ಟೇ ಶುರುವಾಗಿತ್ತು. "ನನಗೆ ಬರುತ್ತದೆ," ಎಂದು ಹೇಳಿದರಂತೆ. ತಂದೆ ಬೈಯಲೂ ಇಲ್ಲ, ಒಪ್ಪಲೂ ಇಲ್ಲ. ಎದ್ದು ಬಾಗಿಲು ಹಾಕಿ, ಚಿಲಕ ಸರಿಸಿ, ಅದಕ್ಕೆ ಬೆನ್ನು ಕೊಟ್ಟು ನಿಂತರು. ಮಗಳು ಫಿಲ್ಮು ಸುತ್ತಿದಳು. ಕಿಂಡಿಯಿಂದ ಬೆಳಕು ಹೊರಟು ಎದುರು ಗೋಡೆಗೆ ಬಿತ್ತು.

ಮುಂಬೈಯಿಂದ ಹೊಸ ಹುಡುಗ ಬಂದಿದ್ದಾನೆ ಎಂದು ತಂದೆ ಕೆಳಗೆ ಹೇಳಿದರು. ಆ ಚಳಿಗಾಲವಿಡೀ ಮಶೀನು ನಡೆಸಿದ್ದು ಮಾಮಾ. ಯಾರಿಗೂ ತಿಳಿಯಲಿಲ್ಲ. ಕೆಳಗಿನವರು ಆ ಕಾಣದ ಹುಡುಗನನ್ನು ಉಸ್ತಾದ್ ಎಂದು ಕರೆಯುತ್ತಿದ್ದರು. ಹಾಡು ಮುಗಿದರೆ, "ಉಸ್ತಾದ್, ಇನ್ನೊಮ್ಮೆ ಹಾಕು" ಎಂದು ಕೂಗುತ್ತಿದ್ದರು. ಇವರು ಫಿಲ್ಮನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕುತ್ತಿದ್ದರು. ಯಾರೋ ಉಸ್ತಾದನಿಗೆ ಕೊಡಿ ಎಂದು ಕಡಲೆಕಾಯಿ ಕಳಿಸಿದರೆ ಇನ್ನಾರೋ ಊರಿಂದ ಬಂದ ಹಲ್ವದ ತುಂಡು. ಒಬ್ಬನಂತೂ ಬೀಡಿಯ ಕಟ್ಟು ಕಳಿಸಿದ್ದನಂತೆ. ಅದನ್ನು ಹೇಳುವಾಗ ಮಾಮಾ ಎಷ್ಟು ನಕ್ಕರೆಂದರೆ ಡಯಾಲಿಸಿಸ್ ಮಶೀನು ಕೂಗಿಕೊಂಡಿತು, ನಾನು ಎದ್ದು ಅವರ ಕೈಯನ್ನು ನೇರ ಮಾಡಬೇಕಾಯಿತು.

"ಆ ಕಿಂಡಿಯಿಂದ ನನಗೆ ಅವರ ತಲೆಗಳು ಕಾಣುತ್ತಿದ್ದವು," ಎಂದರು ನಗು ನಿಂತ ಮೇಲೆ. "ಸಿನಿಮಾದಲ್ಲಿ ತಾಯಿ ಮಗನನ್ನು ಕಳಿಸಿಕೊಡುವುದು ಬಂದರೆ ಸಾಕು, ಅಷ್ಟು ದೊಡ್ಡ ಗಂಡಸರು ಮುಂಡಾಸಿನ ತುದಿಯಲ್ಲಿ ಕಣ್ಣೊರಸುತ್ತಿದ್ದರು. ನಮ್ಮ ಮನೆಯಲ್ಲಿ ಗಂಡಸರು ಅತ್ತದ್ದನ್ನು ನಾನು ನೋಡಿರಲಿಲ್ಲ. ಗಂಡಸರೂ ಅಳುತ್ತಾರೆ ಎಂದು ನನಗೆ ತಿಳಿದದ್ದು ಅಲ್ಲಿ."

ನನ್ನ ಅಜ್ಜನ ತಮ್ಮ ಬಹರೇನಿನ ಎಣ್ಣೆ ಕಂಪನಿಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದರು ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. ಊರಿಗೆ ಬಂದಾಗ ಮಕ್ಕಳನ್ನು ಕೂರಿಸಿಕೊಂಡು ಹಿಂದಿ ಹಾಡು ಹೇಳುತ್ತಿದ್ದರಂತೆ. ನಮ್ಮ ಮನೆಯಲ್ಲಿ ಯಾರಿಗೂ ಹಿಂದಿ ಬಾರದ ಕಾಲ ಅದು. ಆ ತಲೆಗಳಲ್ಲಿ ಅವರದೂ ಒಂದಿತ್ತೋ ಇಲ್ಲವೋ, ತಿಳಿಯುವ ದಾರಿಯಿಲ್ಲ. ಆದರೂ ಅಂದು ಮನೆಗೆ ಬಂದು ಗಂಡನಿಗೆ ಊಟ ಬಡಿಸುವಾಗ ಅವರ ನೆನಪೇ ಬರುತ್ತಿತ್ತು.

ಒಂದು ಸಂಜೆ ಫಿಲ್ಮು ಮಶೀನಿನೊಳಗೆ ಸಿಕ್ಕಿಕೊಂಡು ಬೆಂಕಿ ಹತ್ತಿತು. ಆಗಿನ ಫಿಲ್ಮು ಒಣಹುಲ್ಲಿನ ಹಾಗೆ ಉರಿಯುತ್ತಿತ್ತಂತೆ. ಮಾಮಾ ಕಂಬಳಿ ಎಸೆದು, ಉರಿಯುವ ರೀಲನ್ನು ಬರಿಗೈಯಲ್ಲಿ ಎಳೆದು ಹಾಕಿದರು. ಮನೆ ಉಳಿಯಿತು, ಮಾಡು ಕಪ್ಪಾಯಿತು. ಅವರ ಅಂಗೈಯ ಚರ್ಮ ಇವತ್ತಿಗೂ ಸುಕ್ಕಿಲ್ಲದೆ ನುಣ್ಣಗಿದೆ. ಎಷ್ಟೋ ಸಲ ಹಿಡಿದ ಕೈ ಅದು, ನಾನೊಮ್ಮೆಯೂ ಏನಾಯಿತೆಂದು ಕೇಳಿರಲಿಲ್ಲ. ಸಿನಿಮಾ ಅಲ್ಲಿಗೆ ನಿಂತಿತು. ಮುಂದಿನ ವರ್ಷ ಅವರ ಮದುವೆಯಾಯಿತು.

"ಮಗನಿಗೆ ಹೇಳಬೇಡ," ಎಂದರು ಕೊನೆಗೆ.

"ಇಲ್ಲ ಮಾಮಾ," ಎಂದೆ. ರೋಗಿಗಳು ಹೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ನಮಗೆ ಅಭ್ಯಾಸ.

ಆದರೆ ಕೆಲವೇ ದಿನಗಳಲ್ಲಿ ಮಗ ಒಬ್ಬರೇ ವಾರ್ಡಿಗೆ ಬಂದು ಫೋಟೊಗಳನ್ನು ಆರಿಸಿದರು. ಗಾಜಿನ ಬೆಳಕು ಬೇಕು, ಗೋಪುರ ಬೇಕು, ಬಾಗಿಲು ಬೇಕು. ಮಸಿಯ ಮಾಡನ್ನು ನೋಡಿ, "ಇದು ಬೇಡ. ಬರುವ ವಾರ ಕೆಲಸದವರು ಮೇಲಿಂದಲೇ ಶುರುಮಾಡುತ್ತಾರೆ. ಆ ಕಿಂಡಿ ಮುಚ್ಚಿ, ಮಾಡಿಗೆ ಹಲಗೆ ಹೊಡೆಸುತ್ತೇವೆ," ಎಂದರು. ನಾನು ಹ್ಞೂಂ ಎಂದು ತಲೆಯಾಡಿಸಿದೆ. ಅವರು ಹೋದ ಮೇಲೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಹೇಳುವ ಹಾಗಿಲ್ಲ, ಹೇಳದಿದ್ದರೆ ಮುಚ್ಚಿಹೋಗುತ್ತದೆ. ಮನೆಯಲ್ಲಿ ಯಾರ ಹೆಸರೂ ಎತ್ತದೆ ಗಂಡನ ಹತ್ತಿರ ಕೇಳಿದೆ. ಅವರು ಅನ್ನ ಕಲಸುತ್ತ, "ಮಗನಿಗೆ ಹೇಳ್ಬೇಡ ಅಂದದ್ದಲ್ವಾ? ಅಮ್ಮನಿಗೆ ಹೇಳ್ಬೇಡ ಅಂತ ಯಾರು ಹೇಳಿದ್ರು?" ಎಂದರು.

ಮರುದಿನ ಸೂಜಿ ಹಾಕುವ ಮೊದಲೇ ಮಾಮಾನ ಪಕ್ಕ ಕೂತೆ. "ಮಾಮಾ, ಆ ಕಿಂಡಿಯನ್ನು ಮುಚ್ಚುತ್ತಾರಂತೆ. ನಿಮಗೆ ಒಮ್ಮೆ ನೋಡಬೇಕು ಅಂತಿದ್ದರೆ ಈಗಲೇ ನೋಡಬೇಕು."

ಅವರು ಸೂಜಿಗೆ ಕೈ ಚಾಚಿದರು. ಚಿಕಿತ್ಸೆ ಮುಗಿಯುವವರೆಗೂ ಕಣ್ಣು ಮುಚ್ಚಿಕೊಂಡೇ ಇದ್ದರು. ಗಾಲಿಕುರ್ಚಿಗೆ ಕೂರಿಸುವಾಗ ನನ್ನ ಮಣಿಕಟ್ಟು ಹಿಡಿದು, "ಶುಕ್ರವಾರ ನಿನಗೆ ರಜೆ ಅಲ್ಲವಾ?" ಎಂದರು.

ಆ ಶುಕ್ರವಾರ ನಾನೂ ನನ್ನ ಗಂಡನೂ ಆ ಮನೆಗೆ ಹೋದಾಗ ಮಗ ಅವರನ್ನು ಕರೆತಂದಿದ್ದರು. ಮುದಿ ತಾಯಿಗೆ ತವರಿನ ಮನೆ ನೋಡುವ ಆಸೆ ಎಂದಷ್ಟೇ ಅವರಿಗೆ ಗೊತ್ತು. ಅಂಗಳದಲ್ಲಿ ಸಿಮೆಂಟಿನ ಚೀಲಗಳು ಬಂದು ಬಿದ್ದಿದ್ದವು. ಮಾಮಾ ಹಜಾರ ನೋಡಲು ಒಪ್ಪಲಿಲ್ಲ. ಕೈಯೆತ್ತಿ ಮಹಡಿ ತೋರಿಸಿದರು.

"ಯುಮ್ಮಾ, ಮೆಟ್ಟಿಲು ಕಡಿದಾಗಿದೆ. ಮೇಲೆ ಪಾರಿವಾಳದ ಹೊಲಸು ಬಿಟ್ಟರೆ ಏನೂ ಇಲ್ಲ," ಎಂದರು ಮಗ ಅರಬಿಯಲ್ಲಿ. ಅಷ್ಟು ಅರಬಿ ನನಗೆ ತಿಳಿಯುತ್ತದೆ.

"ಎತ್ತಿಕೊಂಡು ಹೋಗು," ಎಂದರು ತಾಯಿ.

ನನ್ನ ಗಂಡ ಒಂದು ಬದಿ, ಮಗ ಇನ್ನೊಂದು ಬದಿ ಹಿಡಿದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹತ್ತಿಸಿದರು. ನಾನು ಹಿಂದಿನಿಂದ ಆನಿಸಿಕೊಂಡೆ. ಕೋಣೆಯೊಳಗೆ ಇಳಿಸಿದ ಮೇಲೆ ಮಾಮಾ ಮೊದಲು ಮಾಡನ್ನು ನೋಡಿದರು. ಆಮೇಲೆ ಗೋಡೆ ಹಿಡಿದು ಎದ್ದು ನಿಂತು, ಕಿಂಡಿಗೆ ಮುಖ ಕೊಟ್ಟು, "ಇಷ್ಟು ಸಣ್ಣದಿತ್ತಾ," ಎಂದರು. ನಂತರ ತಿರುಗದೆಯೇ ಮಗನಿಗೆ ಎಲ್ಲವನ್ನೂ ಹೇಳಿದರು. ನನಗೆ ಹೇಳಲು ಎರಡು ದಿನ ಹಿಡಿದ ಕಥೆ ಅರಬಿಯಲ್ಲಿ ಬೇಗ ಮುಗಿಯಿತು.

ಮಗ ನಕ್ಕುಬಿಟ್ಟರು. ಕೆಟ್ಟ ನಗುವಲ್ಲ, ವಯಸ್ಸಾದವರ ಮಾತಿಗೆ ಮಕ್ಕಳು ನಗುವ ನಗು. "ನೀನು ಮಶೀನು ನಡೆಸಿದೆಯಾ ಯುಮ್ಮಾ? ಬಾಬಾನಿಗೆ ಗೊತ್ತಿತ್ತಾ ಇದು?"

"ಮದುವೆಯಾದ ಹೊಸತರಲ್ಲಿ ಹೇಳಿದ್ದೆ," ಎಂದರು ಮಾಮಾ. "ಅವರೂ ಹೀಗೇ ನಕ್ಕರು. ಆಮೇಲೆ ನಾನು ಯಾರಿಗೂ ಹೇಳಲಿಲ್ಲ."

ಮಗ ತಲೆಯ ಬಟ್ಟೆಯನ್ನು ಸರಿಮಾಡಿಕೊಂಡರು, ಮತ್ತೊಮ್ಮೆ ಸರಿಮಾಡಿಕೊಂಡರು. ಆಮೇಲೆ ತಾಯಿಯ ಸುಟ್ಟ ಅಂಗೈಯನ್ನು ಹಿಡಿದು ತಿರುಗಿಸಿ ನೋಡಿದರು. "ಒಲೆಯ ಎಣ್ಣೆ ಬಿದ್ದದ್ದು ಅಂದಿದ್ದೆಯಲ್ಲ," ಎಂದರು. ಅವರ ದನಿ ಬದಲಾಗಿತ್ತು. ಕೈ ಬಿಡದೆ, "ಯಾವ ಗೋಡೆಯ ಮೇಲೆ ತೋರಿಸುತ್ತಿದ್ದೆ?" ಎಂದು ಕೇಳಿದರು.

"ಎದುರಿನದು. ಈಗ ಸುಣ್ಣ ಹೋಗಿದೆ."

ಅವರು ಮೆಟ್ಟಿಲಿಳಿದು ಅಂಗಳ ದಾಟಿ ಆ ಗೋಡೆಯ ಮುಂದೆ ನಿಂತು ಮೇಲೆ ನೋಡಿದರು. "ಇಲ್ಲಿಯಾ?" ಎಂದು ಕೂಗಿದರು. "ಬಲಕ್ಕೆ," ಎಂದು ಮಾಮಾ ಕಿಂಡಿಯಿಂದ ಕೈ ಹೊರಗೆ ಹಾಕಿ ತೋರಿಸಿದರು. ಅವರು ಬಲಕ್ಕೆ ಸರಿದರು. "ಇನ್ನೂ." ಇನ್ನೂ ಸರಿದರು. ನನ್ನ ಕುತ್ತಿಗೆಯಲ್ಲಿ ಕ್ಯಾಮೆರಾ ಇತ್ತು. ತಾಯಿಯ ಬೆನ್ನು, ಕಿಂಡಿ, ಅದರಾಚೆ ಬಿಸಿಲಲ್ಲಿ ನಿಂತ ನರೆತ ಗಡ್ಡದ ಮಗ, ಎಲ್ಲ ಒಂದೇ ಚೌಕಟ್ಟಿನಲ್ಲಿ ಬರುತ್ತಿತ್ತು. ಶಟರಿನ ಸದ್ದು ಬೇಡ ಅನ್ನಿಸಿತು. ತೆಗೆಯಲಿಲ್ಲ. ತೆಗೆಯಬೇಕಿತ್ತು ಎಂದು ಒಮ್ಮೊಮ್ಮೆ ಅನ್ನಿಸುವುದುಂಟು, ಸುಳ್ಳು ಹೇಳುವುದಿಲ್ಲ.

ಕಿಂಡಿಯನ್ನು ಮುಚ್ಚಲಿಲ್ಲ. ಗಾಜು ಕೂರಿಸಿದರು. ಮಾಡನ್ನು ಮಾತ್ರ ತೊಳೆಸಿದರು. ಮಸಿಯ ಕೆಳಗೆ ಮಲಗಲು ಯಾರು ಬರುತ್ತಾರೆ ಎಂದು ಮಗ ನನ್ನನ್ನೇ ಕೇಳಿದರು. ಮನೆಯ ಪರಿಚಯ ಮಾಡಿ ಅತಿಥಿಗಳಿಗೆ ಕೊಡುವ ಚಂದದ ಕರಪತ್ರದಲ್ಲಿ ಮುತ್ತು, ಗಿಡುಗ, ಪಿಯಾನೊ ಎಲ್ಲ ಇವೆ. ಕಡೆಯಲ್ಲಿ, ಒಂದು ಕಾಲಕ್ಕೆ ಇಲ್ಲಿ ಸಿನಿಮಾ ಪ್ರದರ್ಶನವೂ ನಡೆಯುತ್ತಿತ್ತು ಎಂಬ ಒಂದು ಸಾಲು. ನಡೆಸುತ್ತಿದ್ದವರು ಯಾರು ಎಂದಿಲ್ಲ. ನಾನು ಅದನ್ನು ಮಾಮಾನಿಗೆ ಓದಿ ಹೇಳಿದಾಗ ನನಗೇ ಸಿಟ್ಟು ಬಂದಿತ್ತು. ಅವರಿಗೆ ಬಂದಿರಲಿಲ್ಲ. "ಅವನಿಗೆ ಗೊತ್ತಾಯಿತಲ್ಲ," ಎಂದರು. "ಮೊನ್ನೆ ಮೊಮ್ಮಗಳನ್ನು ಕೂರಿಸಿಕೊಂಡು ಹೇಳುತ್ತಿದ್ದ. ಅರ್ಧ ತಪ್ಪು ಹೇಳಿದ. ನಾನು ತಿದ್ದಿದೆ."

ಅತಿಥಿಗೃಹದ ಉದ್ಘಾಟನೆ ಡಯಾಲಿಸಿಸ್ ದಿನವೇ ಬಿತ್ತು. ದೊಡ್ಡ ಅತಿಥಿಗಳಿಗೆ ಬೇರೆ ದಿನ ಆಗುತ್ತಿರಲಿಲ್ಲವಂತೆ. ನನಗೂ ಆಮಂತ್ರಣವಿತ್ತು, ಆದರೆ ಅಂದು ನನ್ನ ಡ್ಯೂಟಿ. ಹಾಗಾಗಿ ಆ ಮನೆಯಲ್ಲಿ ದೀಪ ಹಾಕಿ ಜನ ಸೇರಿದ ಹೊತ್ತಿಗೆ ನಾವಿಬ್ಬರೂ ವಾರ್ಡಿನಲ್ಲೇ ಇದ್ದೆವು. ಮಗ ಫೋನಿಗೆ ಫೋಟೊ ಕಳಿಸುತ್ತಲೇ ಇದ್ದರು. ನಾನು ಒಂದೊಂದನ್ನೇ ಮಾಮಾನ ಕಣ್ಣ ಮುಂದೆ ಹಿಡಿದೆ. ಅತಿಥಿಗಳು, ಹೂವು, ತಟ್ಟೆ ತಟ್ಟೆ ಖರ್ಜೂರ.

"ಊಟಕ್ಕೆ ಏನು ಮಾಡಿಸಿದ್ದಾರೆ ಕೇಳು," ಎಂದರು ಮಾಮಾ.

ಕೇಳಿ, "ಕುರಿಮಾಂಸದ ಮಚ್‌ಬೂಸ್ ಅಂತೆ," ಎಂದೆ. ಅದು ಇಲ್ಲಿನವರ ಹಬ್ಬದ ಮಸಾಲೆ ಅನ್ನ.

"ನನಗೆ ಒಂದು ಡಬ್ಬಿ ಕಟ್ಟಿಸಲು ಹೇಳು. ನಿನಗೂ ಒಂದು," ಎಂದರು. ನಂತರ ದಿಂಬಿಗೆ ತಲೆಯಾನಿಸಿ, ಪಕ್ಕದ ಹಾಸಿಗೆಯ ಕೇರಳದ ಮುದುಕರಿಗೆ ಕೇಳುವ ಹಾಗೆ, ಹಿಂದಿಯಲ್ಲಿ, ಯಾವುದೋ ಹಳೆಯ ಸಿನಿಮಾದ ಕಥೆಯನ್ನು ಮೊದಲಿನಿಂದ ಹೇಳತೊಡಗಿದರು.